ಮನೆಯ ವೈರಿಂಗ್: ಕಾಯಿಲ್ ಎಷ್ಟು ಉದ್ದದ್ದಿರಬೇಕು?

ಮನೆ ವೈರಿಂಗ್‌ಗೆ ಬಳಸುವ ಸಿಂಗಲ್ ಕೋರ್ ತಾಮ್ರದ ವೈರ್ ಭಾರತದ ಅಂಗಡಿಗಳಲ್ಲಿ ಹೆಚ್ಚಾಗಿ 90 ಮೀಟರ್‌ನ ಕಾಯಿಲ್ ಆಗಿ ಸಿಗುತ್ತದೆ. ದೊಡ್ಡ ಕಟ್ಟಡಗಳಿಗೆಂದು 180, 200, 300 ಮೀಟರ್‌ನ ಪ್ಯಾಕ್‌ಗಳೂ ಇವೆ. ಒಂದು ಕಾಯಿಲ್‌ನಲ್ಲಿ ಒಂದೇ ದಪ್ಪ, ಒಂದೇ ಬಣ್ಣ. ಹೀಗಾಗಿ ಮನೆಗೆ ಒಟ್ಟು ಎಷ್ಟು ಮೀಟರ್ ವೈರ್ ಬೇಕು ಎಂಬ ಲೆಕ್ಕದಿಂದ ಖರೀದಿಗೆ ಹೆಚ್ಚು ಪ್ರಯೋಜನವಿಲ್ಲ. ಯಾವ ದಪ್ಪದಲ್ಲಿ, ಯಾವ ಬಣ್ಣದಲ್ಲಿ, ಎಷ್ಟೆಷ್ಟು ಉದ್ದದ ತುಂಡುಗಳು ಬೇಕು ಎಂಬುದು ಗೊತ್ತಾದರೆ ಮಾತ್ರ ಕಾಯಿಲ್‌ಗಳ ಸಂಖ್ಯೆ ಸರಿಯಾಗಿ ಸಿಗುತ್ತದೆ.

ದಪ್ಪದ ವಿಷಯದಲ್ಲಿ ರೂಢಿ ಬಹುಮಟ್ಟಿಗೆ ನೆಲೆಯಾಗಿದೆ. ದೀಪ, ಫ್ಯಾನ್‌ಗಳಿಗೆ 1 ಅಥವಾ 1.5 ಚದರ ಮಿಲಿಮೀಟರ್. ಗೀಸರ್, ವಾಷಿಂಗ್ ಮೆಷಿನ್‌ಗಳ 16 ಆಂಪಿಯರ್ ಪಾಯಿಂಟ್‌ಗಳಿಗೆ 2.5, ಎಸಿಗೆ 4, ಮೀಟರ್‌ನಿಂದ ಡಿಬಿಗೆ (ಡಿಸ್ಟ್ರಿಬ್ಯೂಷನ್ ಬೋರ್ಡ್) ಬರುವ ಮೇನ್‌ಗೆ 6 ಅಥವಾ 10. ಉದ್ದ ಹೆಚ್ಚಿದರೆ ಈ ರೂಢಿಯನ್ನು ಮತ್ತೊಮ್ಮೆ ಪರಿಶೀಲಿಸಬೇಕು. 2000 ವ್ಯಾಟ್‌ನ ಗೀಸರ್ 230 ವೋಲ್ಟ್‌ನಲ್ಲಿ ಸುಮಾರು 8.7 ಆಂಪಿಯರ್ ಎಳೆಯುತ್ತದೆ. ಡಿಬಿಯಿಂದ 30 ಮೀಟರ್ ದೂರದಲ್ಲಿ ಅದನ್ನು 1.5ರ ವೈರ್‌ನಲ್ಲಿ ನಡೆಸಿದರೆ ಹೋಗಿಬರುವ ದಾರಿಯಲ್ಲೇ ಸುಮಾರು 7 ವೋಲ್ಟ್ ಕಳೆದುಹೋಗುತ್ತದೆ, 2.5ರ ವೈರ್‌ನಲ್ಲಿ ಈ ನಷ್ಟ 4 ವೋಲ್ಟ್‌ನ ಆಸುಪಾಸಿಗೆ ಇಳಿಯುತ್ತದೆ. ಕಳೆದುಹೋದ ವೋಲ್ಟೇಜ್ ಗೋಡೆಯೊಳಗೆ ಶಾಖವಾಗುತ್ತದೆ.

ಉದ್ದ ಅಳೆಯುವಾಗ ನೆಲದ ಮೇಲೆ ಟೇಪ್ ಹಿಡಿದು ಕೋಣೆಯಿಂದ ಕೋಣೆಗೆ ಅಳೆದರೆ ಲೆಕ್ಕ ಖಂಡಿತ ಕಡಿಮೆ ಬೀಳುತ್ತದೆ. ವೈರ್ ಹೋಗುವುದು ಪೈಪ್‌ನ ದಾರಿಯಲ್ಲಿ: ಡಿಬಿಯಿಂದ ಮೇಲಕ್ಕೆ, ಸ್ಲ್ಯಾಬ್‌ನಲ್ಲಿ ಅಡ್ಡಕ್ಕೆ, ಮತ್ತೆ ಗೋಡೆಯಲ್ಲಿ ಕೆಳಕ್ಕೆ. ಡಿಬಿ 1.8 ಮೀಟರ್ ಎತ್ತರದಲ್ಲಿದ್ದು ಸ್ಲ್ಯಾಬ್ 3 ಮೀಟರ್‌ಗಿದ್ದರೆ ಮೇಲಕ್ಕೆ 1.2 ಮೀಟರ್. ಸ್ಲ್ಯಾಬ್‌ನಲ್ಲಿ 9 ಮೀಟರ್. ಅಡುಗೆಮನೆಯ ಕಟ್ಟೆಯ ಮೇಲಿನ ಸಾಕೆಟ್ ನೆಲದಿಂದ 1.2 ಮೀಟರ್ ಎತ್ತರದಲ್ಲಿದ್ದರೆ ಕೆಳಕ್ಕೆ 1.8 ಮೀಟರ್. ಅಲ್ಲಿಗೆ 12 ಮೀಟರ್ ಆಯಿತು. ಡಿಬಿಯೊಳಗೆ ಕಟ್ಟಿಕೊಳ್ಳಲು ಒಂದು ಮೀಟರ್, ಸಾಕೆಟ್ ಬಾಕ್ಸ್‌ನಲ್ಲಿ ಒಂದು ಗೇಣು, ಬಾಗುಗಳಿಗೆ ಸ್ವಲ್ಪ ಸೇರಿಸಿದರೆ ಹದಿಮೂರೂವರೆ ಮೀಟರ್. ಫೇಸ್, ನ್ಯೂಟ್ರಲ್, ಅರ್ತ್ ಮೂರಕ್ಕೂ ಇಷ್ಟಿಷ್ಟೇ ಬೇಕು. ಪೈಪ್ ಹಾಕಿ ಮುಗಿದ ಮನೆಯಲ್ಲಿ ಇದಕ್ಕಿಂತ ನಂಬಿಕೆಯ ಅಳತೆಯೂ ಸಾಧ್ಯ. ವೈರ್ ಎಳೆಯಲು ಹೇಗೂ ಪೈಪ್‌ನೊಳಗೆ ಸ್ಪ್ರಿಂಗ್ ತೂರಿಸಬೇಕು; ಪೈಪ್‌ನ ಎರಡೂ ತುದಿ ಬರುವಲ್ಲಿ ಅದಕ್ಕೆ ಗುರುತು ಹಾಕಿ ಹೊರತೆಗೆದು ಅಳೆದರೆ ಪೈಪ್‌ನ ನಿಜವಾದ ಉದ್ದ ಕೈಗೆ ಸಿಗುತ್ತದೆ.

ಪವರ್ ಪಾಯಿಂಟ್‌ಗಳಲ್ಲಿ ಮೂರು ಬಣ್ಣಗಳೂ ಸಮನಾಗಿ ಖರ್ಚಾಗುತ್ತವೆ. ದೀಪಗಳ ಸರ್ಕ್ಯೂಟ್‌ನಲ್ಲಿ ಹಾಗಲ್ಲ. ಫೇಸ್ ಸ್ವಿಚ್‌ಬೋರ್ಡ್‌ಗೆ ಬಂದು, ಅಲ್ಲಿಂದ ಪ್ರತಿ ದೀಪಕ್ಕೆ, ಪ್ರತಿ ಫ್ಯಾನಿಗೆ ಬೇರೆಬೇರೆ ವೈರ್ ಹೊರಡುತ್ತದೆ. ನ್ಯೂಟ್ರಲ್ ಮಾತ್ರ ಒಂದು ದೀಪದಿಂದ ಮುಂದಿನದಕ್ಕೆ ಹಾದುಹೋಗಬಹುದು. ಮೆಟ್ಟಿಲಿನ ಟು-ವೇ ಸ್ವಿಚ್‌ಗಳ ನಡುವೆ ಇನ್ನೆರಡು ವೈರ್ ಬೇಕು. ಆದ್ದರಿಂದ ಫೇಸ್‌ನ ಕೆಂಪು ಮೊದಲು ಖಾಲಿಯಾಗಿ ನ್ಯೂಟ್ರಲ್‌ನ ಕಪ್ಪು ಉಳಿಯುವುದು ಸಾಮಾನ್ಯ. ಕೆಂಪು ಮುಗಿಯಿತೆಂದು ಫೇಸ್‌ಗೆ ಹಸಿರನ್ನೋ ಕಪ್ಪನ್ನೋ ಎಳೆದುಬಿಡುವುದು ಅಪಾಯಕರ. ಹತ್ತು ವರ್ಷದ ನಂತರ ಬಾಕ್ಸ್ ಬಿಚ್ಚುವ ಇನ್ನೊಬ್ಬ ಕೆಲಸಗಾರ ಹಸಿರನ್ನು ಅರ್ತ್ ಎಂದೇ ನಂಬಿ ಮುಟ್ಟುತ್ತಾನೆ. ತ್ರೀ ಫೇಸ್ ಮನೆಗಳಲ್ಲಿ ಕೆಂಪು, ಹಳದಿ, ನೀಲಿ ಮೂರೂ ಫೇಸ್‌ನ ಬಣ್ಣಗಳೇ ಆದ್ದರಿಂದ, ಯಾವ ಕೋಣೆ ಯಾವ ಫೇಸ್‌ನಲ್ಲಿದೆ ಎಂದು ಮೊದಲೇ ಹಂಚಿಕೊಂಡ ಮೇಲೆಯೇ ಕಾಯಿಲ್ ಎಣಿಸಬೇಕು.

ತುಂಡುಗಳ ಪಟ್ಟಿ ಸಿದ್ಧವಾದ ಮೇಲೆ ಅವನ್ನು ಕಾಯಿಲ್‌ಗಳಿಗೆ ಹೊಂದಿಸುವ ಕೆಲಸ. ಹೆಚ್ಚಿನವರು ನಿರ್ಲಕ್ಷಿಸುವ ಹಂತ ಇದೇ, ಹೆಚ್ಚಿನ ಕೆಟ್ಟ ಕೆಲಸ ಹುಟ್ಟುವುದೂ ಇಲ್ಲೇ. ಒಂದು ಮನೆಗೆ 2.5ರ ವೈರ್‌ನಲ್ಲಿ 13.5, 24, 27, 35 ಮತ್ತು 40 ಮೀಟರ್‌ನ ಐದು ಸರ್ಕ್ಯೂಟ್‌ಗಳಿವೆ ಎನ್ನೋಣ. ಪ್ರತಿ ಬಣ್ಣಕ್ಕೆ ಒಟ್ಟು 139.5 ಮೀಟರ್, ಅಂದರೆ 90ರ ಎರಡು ಕಾಯಿಲ್. ಹತ್ತಿರದ ಪಾಯಿಂಟ್‌ನಿಂದ ಕೆಲಸ ಶುರುಮಾಡಿದರೆ ಮೊದಲ ಕಾಯಿಲ್‌ನಲ್ಲಿ 13.5, 24, 27 ಹೋಗಿ 25.5 ಮೀಟರ್ ಉಳಿಯುತ್ತದೆ. ಅದರಲ್ಲಿ 35 ಬರುವುದಿಲ್ಲ. ಎರಡನೆಯದರಲ್ಲಿ 35, 40 ಹೋಗಿ 15 ಉಳಿಯುತ್ತದೆ. ಅದರ ಬದಲು ಉದ್ದನೆಯ ತುಂಡುಗಳಿಂದ ಶುರುಮಾಡಿ 40, 35, 13.5 ಒಂದರಲ್ಲಿ ತೆಗೆದರೆ ಉಳಿಯುವುದು ಒಂದೂವರೆ ಮೀಟರ್ ಮಾತ್ರ, ಎರಡನೆಯದರಲ್ಲಿ 39 ಮೀಟರ್ ಅಖಂಡವಾಗಿ ಉಳಿಯುತ್ತದೆ. ಈಗ ಮನೆಯವರು ಮಹಡಿಯಲ್ಲಿ ಇನ್ನೊಂದು ಪವರ್ ಪಾಯಿಂಟ್ ಬೇಕೆಂದು ಕೇಳಿ, ಅದಕ್ಕೆ 30 ಮೀಟರ್ ಬೇಕಾಯಿತು ಎಂದುಕೊಳ್ಳೋಣ. ಎರಡನೆಯ ಕ್ರಮದಲ್ಲಿ ವೈರ್ ಕೈಯಲ್ಲೇ ಇದೆ. ಮೊದಲನೆಯದರಲ್ಲಿ ಒಟ್ಟು 40.5 ಮೀಟರ್ ಉಳಿದಿದ್ದರೂ ಯಾವ ತುಂಡೂ ಸಾಲದು. ಹೊಸ ಕಾಯಿಲ್ ತರಬೇಕು, ಇಲ್ಲವೇ ಎರಡು ತುಂಡು ಸೇರಿಸಿ ಟೇಪ್ ಸುತ್ತಬೇಕು.

ಆ ಜಾಯಿಂಟ್ ಪೈಪ್‌ನೊಳಗೆ ಹೋದರೆ ಮುಂದೆ ಯಾರ ಕಣ್ಣಿಗೂ ಬೀಳದು. ತಿರುಚಿ ಸೇರಿಸಿದ ತಾಮ್ರ ಲೋಡ್ ಬಂದಾಗಲೆಲ್ಲ ಬಿಸಿಯಾಗಿ ಹಿಗ್ಗುತ್ತದೆ, ತಣಿದಾಗ ಕುಗ್ಗುತ್ತದೆ. ಕಾಲಕ್ರಮದಲ್ಲಿ ಹಿಡಿತ ಸಡಿಲಗೊಂಡು ರೋಧ ಏರುತ್ತದೆ, ರೋಧ ಏರಿದಷ್ಟೂ ಇನ್ನಷ್ಟು ಬಿಸಿ. ಎಂಸಿಬಿ ಇದನ್ನು ಗುರುತಿಸಲಾರದು, ಏಕೆಂದರೆ ಕರೆಂಟ್ ಮಿತಿಯೊಳಗೇ ಇರುತ್ತದೆ. ಜಾಯಿಂಟ್ ಬೇಕೇ ಆದರೆ ಅದು ಮುಚ್ಚಳ ತೆಗೆದು ನೋಡಬಹುದಾದ ಬಾಕ್ಸ್‌ನಲ್ಲಿ, ಕನೆಕ್ಟರ್ ಹಾಕಿ ಮಾಡಿದ್ದಾಗಿರಬೇಕು. ಹೊಸ ಮನೆಯಲ್ಲಿ ಅದರ ಅಗತ್ಯವೇ ಬೀಳದಂತೆ ಕಾಯಿಲ್ ಲೆಕ್ಕ ಹಾಕುವುದು ಎಲ್ಲಕ್ಕಿಂತ ಮೇಲು.

180 ಮೀಟರ್‌ನ ಪ್ಯಾಕ್‌ನ ನಿಜವಾದ ಲಾಭವೂ ಇಲ್ಲೇ ಇದೆ. ಮೇಲೆ ಹೇಳಿದ ಮನೆಗೆ ಬಣ್ಣಕ್ಕೊಂದು 180 ತಂದರೆ ಯಾವ ಕ್ರಮದಲ್ಲಿ ಕತ್ತರಿಸಿದರೂ 40.5 ಮೀಟರ್ ಒಂದೇ ತುಂಡಾಗಿ ಉಳಿಯುತ್ತದೆ. ಆದರೆ 4 ಅಥವಾ 6ರ ವೈರ್ ಸಣ್ಣ ಮನೆಯಲ್ಲಿ ಇಪ್ಪತ್ತು ಮೂವತ್ತು ಮೀಟರ್‌ಗಿಂತ ಹೆಚ್ಚು ಬೇಕಾಗದಿರಬಹುದು. ಅಲ್ಲಿ 90ರ ಕಾಯಿಲ್ ಕೂಡ ದುಂದು, ಅಂಗಡಿಯಲ್ಲಿ ಅಳೆದು ಕತ್ತರಿಸಿಕೊಡುವ ವೈರ್ ತೆಗೆದುಕೊಳ್ಳುವುದೇ ವಿವೇಕ. ಬಿಚ್ಚಿದ ಕಾಯಿಲನ್ನು ಅಂಗಡಿಯವರು ಸಾಮಾನ್ಯವಾಗಿ ವಾಪಸ್ ಪಡೆಯುವುದಿಲ್ಲ. ವೈರ್‌ಗೆ ಎಂಆರ್‌ಪಿ ಮೇಲೆ ದೊಡ್ಡ ರಿಯಾಯಿತಿ ಕೊಡುವುದು ಈ ವ್ಯಾಪಾರದ ವಾಡಿಕೆಯಾದ್ದರಿಂದ, ರಿಯಾಯಿತಿಯ ಶೇಕಡಾವಾರು ನೋಡದೆ ಮೀಟರಿಗೆ ಬೀಳುವ ದರವನ್ನೇ ಹೋಲಿಸಬೇಕು.

ಪ್ಯಾಕ್‌ನ ರೂಪವೂ ಕೆಲಸದ ಮೇಲೆ ಪರಿಣಾಮ ಬೀರುತ್ತದೆ. ಪ್ಲಾಸ್ಟಿಕ್ ಸುತ್ತಿದ ಕಾಯಿಲನ್ನು ನೆಲದಲ್ಲಿ ಮಲಗಿಸಿ ಸುತ್ತುಸುತ್ತಾಗಿ ಎತ್ತಿದರೆ ಪ್ರತಿ ಸುತ್ತಿಗೂ ವೈರ್ ಒಂದೊಂದು ತಿರುವು ತಿರುಚಿಕೊಂಡು, ಪೈಪ್‌ನ ಬಾಗಿನಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ. ತಿರುಗುವ ಸ್ಟ್ಯಾಂಡ್‌ಗೆ ಹಾಕಿ ಎಳೆದರೆ ತಿರುಚು ಬರುವುದಿಲ್ಲ. ಕಾಯಿಲ್ ಕಾರ್ಟನ್ ಡಬ್ಬಿಯಲ್ಲಿ ಬಂದಿದ್ದರೆ ಅರ್ಧ ಬಳಸಿದ ಮೇಲೂ ಸಿಮೆಂಟು, ಬಣ್ಣ ತಾಗದಂತೆ ಇಡಬಹುದು.

ಪ್ಯಾಕ್ ಮೇಲೆ ನೋಡಬೇಕಾದದ್ದು ಉದ್ದ, ದಪ್ಪ, ತಯಾರಾದ ತಿಂಗಳು, ಐಎಸ್ 694 ಎಂಬ ಮಾನಕದ ಸಂಖ್ಯೆ, ಐಎಸ್‌ಐ ಗುರುತು ಮತ್ತು ಅದರ ಜೊತೆಗಿನ ಸಿಎಂ/ಎಲ್ ಲೈಸೆನ್ಸ್ ಸಂಖ್ಯೆ. ಈ ಸಂಖ್ಯೆಯನ್ನು ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿ ತಾಳೆ ನೋಡಬಹುದು. ಹಲವು ತಯಾರಕರು ವೈರ್ ಮೇಲೆಯೇ ಮೀಟರ್‌ಗಳ ಸರಣಿ ಸಂಖ್ಯೆ ಮುದ್ರಿಸುತ್ತಾರೆ. ಕೊನೆಯ ಸಂಖ್ಯೆಯಿಂದ ಮೊದಲನೆಯದನ್ನು ಕಳೆದರೆ ಉದ್ದ ತಿಳಿಯುತ್ತದೆ. ತಾಮ್ರದ ಪ್ರಮಾಣಕ್ಕೆ ಇನ್ನೊಂದು ಪರೀಕ್ಷೆ ಇದೆ. 1.5ರ ಬಹುಎಳೆಯ ವೈರ್‌ನ ರೋಧ 20 ಡಿಗ್ರಿ ಉಷ್ಣತೆಯಲ್ಲಿ ಕಿಲೋಮೀಟರಿಗೆ 13.3 ಓಂ ಮೀರಬಾರದು. ಅಂದರೆ 90 ಮೀಟರ್ ಕಾಯಿಲ್‌ನ ಎರಡು ತುದಿಗಳ ನಡುವೆ ಸುಮಾರು 1.2 ಓಂ. ಮಲ್ಟಿಮೀಟರ್‌ನ ಕಡ್ಡಿಗಳಿಗೂ ಸ್ವಲ್ಪ ರೋಧ ಇರುವುದರಿಂದ ಅವನ್ನು ಒಂದಕ್ಕೊಂದು ತಾಗಿಸಿದಾಗ ಬರುವ ಅಂಕಿಯನ್ನು ಕಳೆಯಬೇಕು. ತಾಮ್ರ ತೆಳುವಾದರೆ ಈ ಅಂಕಿ ಏರುತ್ತದೆ, ವೈರ್ ಗಿಡ್ಡವಾದರೆ ಇಳಿಯುತ್ತದೆ. ಎರಡೂ ಕಡಿಮೆಯಿದ್ದರೆ ಒಂದರ ಕೊರತೆಯನ್ನು ಇನ್ನೊಂದು ಮರೆಮಾಡಬಲ್ಲುದಾದ್ದರಿಂದ ಉದ್ದವನ್ನೂ ಜೊತೆಗೇ ನೋಡಬೇಕು.

ಕಾಯಿಲ್ ಲೆಕ್ಕಕ್ಕೆ ಬಾರದ ಕೇಬಲ್‌ಗಳೂ ಇವೆ. ಕಂಬದಿಂದ ಮೀಟರ್‌ವರೆಗೆ ನೆಲದಡಿ ಹೋಗುವ ಆರ್ಮರ್ಡ್ ಕೇಬಲನ್ನೂ ಬೋರ್‌ವೆಲ್ ಮೋಟರ್‌ಗೆ ಇಳಿಸುವ ಚಪ್ಪಟೆ ಕೇಬಲನ್ನೂ ಮೀಟರ್ ಲೆಕ್ಕದಲ್ಲಿ ಕತ್ತರಿಸಿಕೊಡುತ್ತಾರೆ. ಬೋರ್‌ವೆಲ್‌ನ ಕೇಬಲ್‌ಗೆ ಮೋಟರ್ ಇಳಿಸುವ ಆಳದ ಜೊತೆಗೆ ಬಾಯಿಯಿಂದ ಸ್ಟಾರ್ಟರ್‌ವರೆಗಿನ ದೂರವನ್ನೂ ಸೇರಿಸಬೇಕು. ಆಳ ಹೆಚ್ಚಿದಷ್ಟೂ ಕೇಬಲ್‌ನ ದಪ್ಪವನ್ನೂ ಏರಿಸಬೇಕಾಗುತ್ತದೆ. ಇಂಟರ್ನೆಟ್‌ನ ಲ್ಯಾನ್ ಕೇಬಲ್ 305 ಮೀಟರ್‌ನ ಡಬ್ಬಿಯಲ್ಲಿ ಬರುತ್ತದೆ. ಒಂದು ಮನೆಗೆ ಅಷ್ಟು ಬೇಕಾಗುವುದು ಅಪರೂಪ, ಹಾಗಾಗಿ ಅದನ್ನೂ ಬಿಡಿಯಾಗಿ ಕೊಳ್ಳಬಹುದು. ಪವರ್ ವೈರ್‌ಗಳಿರುವ ಪೈಪ್‌ನಲ್ಲಿ ಮಾತ್ರ ಎಳೆಯಬಾರದು, ಅದಕ್ಕೆ ಪ್ರತ್ಯೇಕ ಪೈಪ್ ಬೇಕು.