ನೆಲದಡಿಯ ಮಾದರಿಗೆ ಅನುಮಾನದ ಬಣ್ಣವೂ ಬೇಕು

ಕಂಪ್ಯೂಟರ್ ಪರದೆಯ ಮೇಲೆ ತಿರುಗುವ ಭೂಗರ್ಭದ ತ್ರಿಆಯಾಮ ಮಾದರಿ ನೋಡಿದರೆ, ನೆಲದೊಳಗೆ ಇಳಿದು ಯಾರೋ ಫೋಟೊ ತೆಗೆದಂತಿರುತ್ತದೆ. ಹಳದಿ ಮರಳು, ಕಂದು ಜೇಡಿ, ಗುಲಾಬಿ ಗ್ರಾನೈಟ್, ನಡುನಡುವೆ ಚಾಕುವಿನಲ್ಲಿ ಕೊಯ್ದಂಥ ಗೆರೆ. ಲೆಕ್ಕ ಹಾಕಿದರೆ ಈ ಠೀವಿ ಇಳಿಯುತ್ತದೆ. 50 ಮೀಟರಿಗೊಂದರಂತೆ 10 ಸೆಂ.ಮೀ. ವ್ಯಾಸದ ರಂಧ್ರ ಕೊರೆದರೂ ಕಣ್ಣಾರೆ ಕಂಡ ನೆಲ ಸುಮಾರು ಮೂರು ಲಕ್ಷದಲ್ಲಿ ಒಂದು ಪಾಲು. ಉಳಿದದ್ದನ್ನು ಗಣಿತವೋ ಭೂವಿಜ್ಞಾನಿಯೋ ತುಂಬಿರುತ್ತಾರೆ. ಹಾಗಾಗಿ ಇಂಥ ಮಾದರಿ ಚಿತ್ರವಲ್ಲ, ಒಂದು ವಾದ. ತನ್ನ ಅನುಮಾನವನ್ನು ತೋರಿಸದ ಮಾದರಿಯನ್ನು ಅರ್ಧ ಕೆಲಸವೆಂದೇ ಎಣಿಸಬೇಕು.

ಗಣಿಯವರಿಗೆ ಇದು ಮೊದಲೇ ತಟ್ಟಿತ್ತು. ದಕ್ಷಿಣ ಆಫ್ರಿಕಾದ ವಿಟ್‌ವಾಟರ್ಸ್‌ರ‍್ಯಾಂಡ್ ಚಿನ್ನದ ಗಣಿಗಳಲ್ಲಿ, ಪರೀಕ್ಷೆಗೆ ತೆಗೆದ ಕಲ್ಲುಗಳ ಪ್ರಕಾರ ಸಮೃದ್ಧ ಎನಿಸಿದ ಭಾಗಗಳು ಅಗೆದಾಗ ಸಪ್ಪೆಯಾಗುತ್ತಿದ್ದವು. ಇದು ದುರದೃಷ್ಟವಲ್ಲ, ಅಂದಾಜಿನೊಳಗೇ ಅಡಗಿದ ವಾಲಿಕೆ ಎಂದು ಅಲ್ಲಿನ ಗಣಿ ಎಂಜಿನಿಯರ್ ಡ್ಯಾನಿ ಕ್ರಿಗೆ 1951ರಲ್ಲಿ ಸಂಖ್ಯಾಶಾಸ್ತ್ರದಿಂದ ತೋರಿಸಿದರು. ಫ್ರಾನ್ಸಿನ ಜಾರ್ಜ್ ಮಾಥೆರೊನ್ ಅದನ್ನು ಸಿದ್ಧಾಂತವಾಗಿ ಬೆಳೆಸಿ ‘ಕ್ರಿಗಿಂಗ್’ ಎಂದು ಹೆಸರಿಟ್ಟರು. ಅಂದಾಜಿನ ಜೊತೆಗೆ ಅದು ಎಷ್ಟು ತಪ್ಪಬಹುದೆಂಬ ಅಳತೆಯನ್ನೂ ಈ ವಿಧಾನ ಕೊಡುತ್ತದೆ. ಆದರೆ ರಂಧ್ರಗಳ ನಡುವಿನ ಅಂತರದಿಂದ ಹುಟ್ಟುವ ಅನುಮಾನ ಒಂದಾದರೆ, ಭೂವಿಜ್ಞಾನಿಯ ಮೂಲ ಕಲ್ಪನೆಯೇ ತಪ್ಪಾಗುವುದು ಬೇರೆ. ಎರಡನೆಯದನ್ನು ಯಾವ ಸೂತ್ರವೂ ಹಿಡಿಯದು. ಕ್ಲೇರ್ ಬಾಂಡ್ ಮತ್ತು ಸಂಗಡಿಗರು 2007ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಉತ್ತರ ಮೊದಲೇ ಗೊತ್ತಿದ್ದ ಕಂಪನದ ಅಲೆಗಳಿಂದ ನೆಲದಡಿಯನ್ನು ತೋರಿಸುವ ಬಗೆಯ ಕೃತಕ ಚಿತ್ರವೊಂದನ್ನು 412 ಭೂವಿಜ್ಞಾನಿಗಳ ಮುಂದಿಟ್ಟರು. ಅದರ ಭೂರಚನೆಯನ್ನು ಸರಿಯಾಗಿ ಗುರುತಿಸಿದವರು ಶೇ 21 ಮಾತ್ರ. ಉಳಿದವರ ಊಹೆಗಳನ್ನೂ ಸಾಫ್ಟ್‌ವೇರ್ ಅಷ್ಟೇ ಅಂದವಾಗಿ ಚಿತ್ರಿಸಿಕೊಡುತ್ತಿತ್ತು.

ಸುರಂಗ ಕೊರೆಯುವವನಿಗೆ ಒಂದೇ ಉತ್ತರ ಬೇಕು, ‘ಬಂಡೆಯಿರುವ ಸಂಭವ ಶೇ 60’ ಎಂದರೆ ಅವನೇನು ಮಾಡಬೇಕು ಎಂಬ ಆಕ್ಷೇಪವಿದೆ. ಮಾಡಬೇಕಾದದ್ದು ಸ್ಪಷ್ಟ: ಮುಂದಿನ ರಂಧ್ರ ಅಲ್ಲೇ ಕೊರೆಯಬೇಕು. ಇಂಥ ಮಾದರಿ ಆಗದ ಮಾತೂ ಅಲ್ಲ. ನೆದರ್ಲೆಂಡ್ಸಿನ ಜಿಯೊಟಾಪ್ ಮಾದರಿ ನೆಲವನ್ನು 100 ಮೀಟರ್ ಉದ್ದ, ಅಷ್ಟೇ ಅಗಲ, ಅರ್ಧ ಮೀಟರ್ ದಪ್ಪದ ತುಂಡುಗಳಾಗಿ ಒಡೆಯುತ್ತದೆ. ಪ್ರತಿ ತುಂಡಿನಲ್ಲೂ ಮರಳಿರುವ ಸಂಭವ ಎಷ್ಟು, ಜೇಡಿಯಿರುವ ಸಂಭವ ಎಷ್ಟು ಎಂದು ಬಿಡಿಸಿ ಹೇಳುತ್ತದೆ. ಸರ್ಕಾರಿ ಸಂಸ್ಥೆಗಳು ಕೊರೆದ ಮಾಹಿತಿಯನ್ನು ಸಾರ್ವಜನಿಕ ದಾಖಲೆಗೆ ಸೇರಿಸಬೇಕೆಂಬ ಕಾನೂನು ಅಲ್ಲಿ 2018ರಿಂದ ಜಾರಿಯಲ್ಲಿದೆ.

ಅದು ನದಿಮುಖಜದ ಮೆತ್ತನೆ ನೆಲ, ನಮ್ಮದು ಗಟ್ಟಿ ನೈಸ್ ಶಿಲೆಯ ನಾಡು ಎನ್ನಬಹುದು. ಅನುಮಾನ ತೋರಿಸಬೇಕಾದದ್ದು ಇಲ್ಲೇ ಹೆಚ್ಚು. ಬೆಂಗಳೂರಿನಲ್ಲಿ ಶಿಥಿಲ ಮಣ್ಣಿನ ಆಳ ಕೆಲವೇ ಹೆಜ್ಜೆಗಳಲ್ಲಿ ಬದಲಾಗುತ್ತದೆ. ಮಣ್ಣಿನೊಳಗೆ ಶಿಥಿಲವಾಗದೆ ಉಳಿದ ಗುಂಡುಗಲ್ಲಿಗೆ ಬಡಿದ ಕೊರೆಕೋಲು, ತಳದ ಬಂಡೆ ಸಿಕ್ಕಿತೆಂದು ಭ್ರಮೆ ಹುಟ್ಟಿಸಬಲ್ಲದು. ಮಣ್ಣು, ಬಂಡೆ, ಗುಂಡುಗಲ್ಲು ಬೆರೆತ ಇಂಥ ನೆಲದಲ್ಲಿ ನಮ್ಮ ಮೆಟ್ರೊದ ಸುರಂಗ ಯಂತ್ರಗಳೂ ಏದುಸಿರು ಬಿಟ್ಟಿವೆ. ಇಂಥಲ್ಲಿ ತಳಬಂಡೆಯನ್ನು ನಯವಾದ ಹಾಳೆಯಂತೆ ಬರೆಯುವ ಮಾದರಿ ಜಾಣತನದಿಂದ ಹೇಳಿದ ಸುಳ್ಳು. ಇನ್ನು ದತ್ತಾಂಶಕ್ಕೆ ದುಡ್ಡೆಲ್ಲಿ ಎಂಬ ಮಾತು ಪೂರ್ತಿ ನಿಜವಲ್ಲ. ಕೊಳವೆಬಾವಿ ಕೊರೆಯುವಾಗ ಮಣ್ಣು ಕುಸಿಯದಂತೆ ಗಟ್ಟಿ ಕಲ್ಲು ಸಿಗುವವರೆಗೆ ಕೇಸಿಂಗ್ ಪೈಪ್ ಇಳಿಸುತ್ತಾರೆ, ಅಡಿಗಿಷ್ಟು ಎಂದು ಹಣ ಪಡೆಯುತ್ತಾರೆ. ಬಂಡೆ ಎಷ್ಟು ಆಳದಲ್ಲಿದೆ ಎಂಬ ಮಾಹಿತಿ ರಿಗ್‌ನವರ ಬಿಲ್ಲುಗಳಲ್ಲೇ ಇದೆ. ಅವನ್ನು ಸ್ಥಳದ ಗುರುತಿನೊಂದಿಗೆ ಒಂದೆಡೆ ಸೇರಿಸುವ ಖರ್ಚು, ಹೊಸದಾಗಿ ಕೊರೆಸುವ ಖರ್ಚಿನ ಹತ್ತಿರವೂ ಸುಳಿಯದು.