ಹಡಗು ಹೊರಡೋ ಮುಂಚೆ ಮೀನು ನೋಡಿ ಬರಬೇಕಾ? ದೋಣಿ ಹತ್ತೋ ಮೊದಲು ಇಷ್ಟು ಕೇಳಿ!

ಮನೆ ಸಾಲದ ಕಂತು, ಮಗಳ ಸ್ಕೂಲ್ ಫೀಸು ಎಲ್ಲ ಕಳೆದು ಎರಡು ವರ್ಷ ಕೂಡಿಟ್ಟ ದುಡ್ಡಿನಲ್ಲಿ ನೀವೂ ಸಿಂಗಪುರದ ಕ್ರೂಸ್ ಟಿಕೆಟ್ ಬುಕ್ ಮಾಡಿದ್ದೀರಾ? ಹಾಗಾದ್ರೆ ಆ ಪಟ್ಟಿಯಲ್ಲಿ ಫುಕೆಟ್ ಅನ್ನೋ ಹೆಸರು ಇರುವ ಸಾಧ್ಯತೆ ಹೆಚ್ಚು. ಥಾಯ್ಲೆಂಡಿನ ಈ ದ್ವೀಪದಲ್ಲಿ ಹಡಗು ಒಂದು ಹಗಲು ನಿಲ್ಲುತ್ತೆ. ಆ ಹಗಲಲ್ಲಿ ಮಾಡೋಕೆ ನೂರೆಂಟು ಕೆಲಸ. ಅದರಲ್ಲಿ ಎಲ್ಲರ ಕಣ್ಣು ಬೀಳೋದು ಒಂದರ ಮೇಲೆ: ದೋಣಿಯಲ್ಲಿ ಹೋಗಿ, ಕಣ್ಣಿಗೆ ಮಾಸ್ಕ್, ಬಾಯಿಗೆ ನಳಿಕೆ ಸಿಕ್ಕಿಸಿಕೊಂಡು ನೀರಿನ ಮೇಲೆ ತೇಲ್ತಾ ಹವಳ, ಮೀನು ನೋಡೋದು. ಅದೇ ಸ್ನಾರ್ಕೆಲಿಂಗ್.

ಈಜು ಬರದ ನನ್ನಂಥವಳೂ ಇದನ್ನು ಮಾಡಿ ಬಂದಿದ್ದೇನೆ. ಆದರೆ ಮೀನು ನೋಡಿದ ಖುಷಿಗಿಂತ ಹೆಚ್ಚಾಗಿ ಇವತ್ತಿಗೂ ನೆನಪಾಗೋದು ಪಟಾಂಗ್ ಬೀಚಿನ ಮರಳಲ್ಲಿ ನಾವು ಮೂವರೂ ಬಿದ್ದೆದ್ದು ಓಡಿದ್ದು! ಏನಾಯ್ತು ಅಂತ ಹೇಳ್ತೀನಿ, ಕೇಳಿ.

ಮೊಬೈಲ್ ಹೇಳಿದ ಸುಳ್ಳು

ಬೆಳಿಗ್ಗೆ ದಡಕ್ಕೆ ಇಳಿದ ಕೂಡಲೇ ಬೀಚ್ ರಸ್ತೆಯ ಒಂದು ಪುಟ್ಟ ಅಂಗಡಿಯಲ್ಲಿ ಫಿ ಫಿ ದ್ವೀಪದ ಟೂರ್ ಅಗ್ಗಕ್ಕೆ ಸಿಕ್ತು. ನಮ್ಮ ಯಜಮಾನರಿಗೆ ಚೌಕಾಸಿ ಗೆದ್ದ ಸಂಭ್ರಮ. ವ್ಯಾನು ಮೂರು ಹೋಟೆಲ್ ಸುತ್ತಿ ಬೇರೆಯವರನ್ನು ಹತ್ತಿಸಿಕೊಂಡಿತು. ಗುಡ್ಡ ದಾಟಿ ಪೂರ್ವದ ಕಡೆಯ ದಕ್ಕೆ ಸೇರೋ ಹೊತ್ತಿಗೆ ಒಂದೂವರೆ ಗಂಟೆ ಕಳೆದಿತ್ತು. ಮುಂದೆ ಸ್ಪೀಡ್‌ಬೋಟಿನಲ್ಲಿ ಇನ್ನೊಂದು ಗಂಟೆ.

ಅಲ್ಲಿ ನನ್ನ ಹನ್ನೊಂದು ವರ್ಷದ ಮಗಳಿಗೆ ಕೊಟ್ಟ ಲೈಫ್ ಜಾಕೆಟ್ಟಿನ ಬಕಲ್ ಮುರಿದಿತ್ತು. "ನೋ ಪ್ರಾಬ್ಲಮ್, ಮೇಡಂ" ಅಂತ ಹುಡುಗ ದಾರ ಕಟ್ಟೋಕೆ ಬಂದ. ನಾನು ಒಪ್ಪಲಿಲ್ಲ. "ದುಡ್ಡು ಕೊಟ್ಟಾಗಿದೆ, ಹೋಗ್ಲಿ ಬಿಡೇ" ಅಂದರು ಯಜಮಾನರು. ಮಗಳು ಮುಖ ಊದಿಸಿದಳು. ಕೊನೆಗೆ ನನ್ನ ಜಾಕೆಟ್ಟನ್ನೇ ಅವಳಿಗೆ ಬಿಗಿಯಾಗಿ ಕಟ್ಟಿ, ಅಪ್ಪನ ಕೈ ಹಿಡಿಸಿ ಇಳಿಸಿದೆ. ನಾನು ದೋಣಿಯಲ್ಲೇ ಕೂತು ಅವಳ ನಳಿಕೆಯ ತುದಿಯನ್ನೇ ನೋಡ್ತಾ ಇದ್ದೆ.

ಬರುವಾಗ ವ್ಯಾನಿನಲ್ಲಿ ಎಲ್ಲರಿಗೂ ಜೊಂಪು. ಕೊನೆಯ ದೋಣಿ ಐದೂವರೆಗೆ. ಮೊಬೈಲ್ ನೋಡಿದೆ, ನಾಲ್ಕು ಗಂಟೆ ಐದು ನಿಮಿಷ. "ಸಾಕಷ್ಟು ಟೈಮ್ ಇದೆ, ಒಂದು ಎಳನೀರು ಕುಡಿಯೋಣ" ಅಂದುಕೊಂಡೆ. ಆಗ ಕಣ್ಣಿಗೆ ಬಿದ್ದದ್ದು ಯಜಮಾನರ ಕೈಗಡಿಯಾರ. ಅದರಲ್ಲಿ ಐದು ಗಂಟೆ ಐದು ನಿಮಿಷ!

ಥಾಯ್ಲೆಂಡ್ ಸಮಯ ಸಿಂಗಪುರಕ್ಕಿಂತ ಒಂದು ಗಂಟೆ ಹಿಂದೆ. ದಡಕ್ಕೆ ಬಂದ ಕೂಡಲೇ ಮೊಬೈಲ್ ತಾನಾಗಿ ಅಲ್ಲಿನ ಸಮಯಕ್ಕೆ ಬದಲಾಗಿತ್ತು. ಹಡಗು ಮಾತ್ರ ಸಿಂಗಪುರದ ಸಮಯವನ್ನೇ ಇಟ್ಟುಕೊಂಡಿತ್ತು. ನಮ್ಮ ಪಾಸ್‌ಪೋರ್ಟ್, ಬಟ್ಟೆ, ಮಾತ್ರೆ ಎಲ್ಲ ಹಡಗಿನಲ್ಲಿ. ಮುಂದೆ ಪಟಾಂಗಿನ ಟ್ರಾಫಿಕ್. ಕೊನೆಗೆ ವ್ಯಾನಿನಿಂದ ಇಳಿದು ಓಡಿದೆವು. ಮಗಳ ಒಂದು ಚಪ್ಪಲಿ ಅಲ್ಲೇ ಎಲ್ಲೋ ಉಳಿಯಿತು. ದೋಣಿ ಹತ್ತಿದಾಗ ಐದು ಇಪ್ಪತ್ತೈದು. ಐದೇ ನಿಮಿಷ ಬಾಕಿ!

ಅವತ್ತು ರಾತ್ರಿ ಊಟ ಸೇರಲಿಲ್ಲ. ಮಲಗೋ ಮುಂಚೆ ಡೈರಿಯಲ್ಲಿ ಒಂದು ಪಟ್ಟಿ ಬರೆದೆ. ಅದನ್ನೇ ಈಗ ನಿಮ್ಮ ಮುಂದೆ ಇಡ್ತಿದ್ದೇನೆ.

ಮೊದಲು ಲೆಕ್ಕ ಹಾಕಿ

"ಹಡಗು ಒಂಬತ್ತು ಗಂಟೆ ನಿಲ್ಲುತ್ತೆ" ಅಂದರೆ ನಿಮಗೆ ಒಂಬತ್ತು ಗಂಟೆ ಸಿಕ್ಕಿತು ಅಂತ ಅಲ್ಲ. ದೊಡ್ಡ ಹಡಗುಗಳು ಸಾಮಾನ್ಯವಾಗಿ ಪಟಾಂಗ್ ಕೊಲ್ಲಿಯಲ್ಲಿ ಲಂಗರು ಹಾಕುತ್ತವೆ. ಅಲ್ಲಿಂದ ದಡಕ್ಕೆ 'ಟೆಂಡರ್' ಅನ್ನೋ ಸಣ್ಣ ದೋಣಿಯಲ್ಲಿ ಬರಬೇಕು. ಅದಕ್ಕೂ ಟೋಕನ್, ಕ್ಯೂ. ಹೋಗುವಾಗ ಒಂದು ಗಂಟೆ, ಬರುವಾಗ ಒಂದು ಗಂಟೆ ತೆಗೆದಿಡಿ. ಕೊನೆಯ ಟೆಂಡರಿಗೆ ಕನಿಷ್ಠ ಒಂದೂವರೆ ಗಂಟೆ ಮೊದಲೇ ಪಟಾಂಗ್ ಸೇರುವ ಹಾಗಿರಲಿ. ಉಳಿದದ್ದಷ್ಟೇ ನಿಮ್ಮದು.

ಹಡಗು ಇಳಿಯೋ ಮುಂಚೆ "ಇವತ್ತು ಹಡಗಿನ ಸಮಯವಾ, ಇಲ್ಲಿನ ಸಮಯವಾ?" ಅಂತ ಕೇಳಿ. ಕೆಲವು ಹಡಗುಗಳು ಗಡಿಯಾರ ಬದಲಿಸುತ್ತವೆ, ಕೆಲವು ಬದಲಿಸೋದಿಲ್ಲ. ಒಂದು ಮುಳ್ಳಿನ ವಾಚನ್ನು ಹಡಗಿನ ಸಮಯಕ್ಕೆ ಇಟ್ಟು ಕೈಗೆ ಕಟ್ಟಿಕೊಳ್ಳಿ. ಮೊಬೈಲನ್ನು ನಂಬಬೇಡಿ.

ಹಡಗಿನವರ ಟೂರೋ, ಹೊರಗಿನವರದೋ?

ಹಡಗಿನಲ್ಲೇ ಮಾರುವ ಟೂರ್ ದುಬಾರಿ. ಜನರೂ ಜಾಸ್ತಿ. ಆದರೆ ಒಂದು ದೊಡ್ಡ ಅನುಕೂಲ ಇದೆ. ಅವರ ಟೂರ್ ದೋಣಿಯೇ ತಡವಾದರೆ ಹಡಗು ಸಾಮಾನ್ಯವಾಗಿ ಕಾಯುತ್ತೆ. ಇಲ್ಲವಾದರೆ ನಿಮ್ಮನ್ನು ಮುಂದಿನ ಊರಿಗೆ ತಲುಪಿಸೋ ಜವಾಬ್ದಾರಿ ಅವರದು. ಹೊರಗಿನ ಟೂರಿನಲ್ಲಿ ತಡವಾದರೆ ಹಡಗು ಕಾಯೋದಿಲ್ಲ. ಮುಂದಿನ ಬಂದರಿಗೋ ಸಿಂಗಪುರಕ್ಕೋ ನಿಮ್ಮ ಖರ್ಚಲ್ಲೇ ಹೋಗಬೇಕು.

ಹಾಗಂತ ಹೊರಗಿನದೆಲ್ಲ ಕೆಟ್ಟದ್ದು ಅಂತಲ್ಲ. ಊರಿನಲ್ಲಿದ್ದಾಗಲೇ ನಾಲ್ಕಾರು ಕಡೆ ವಿಚಾರಿಸಿ, ಬರಹದಲ್ಲಿ ಉತ್ತರ ತೆಗೆದುಕೊಂಡು ಬುಕ್ ಮಾಡಿ. ನೀವು ಕ್ರೂಸ್ ಪ್ರಯಾಣಿಕರು ಅಂತ ಮೊದಲೇ ಹೇಳಿ. ಹಡಗು ಬರದೇ ಹೋದರೆ ಹಣ ವಾಪಸ್ ಕೊಡ್ತೀರಾ ಅಂತಲೂ ಕೇಳಿ. ಸಮುದ್ರ ಒರಟಾಗಿದ್ದರೆ ಹಡಗು ಆ ಬಂದರನ್ನೇ ಬಿಟ್ಟು ಹೋಗೋದೂ ಉಂಟು. ನನ್ನ ಸಲಹೆ ಕೇಳಿದರೆ, ದೂರದ ದ್ವೀಪಕ್ಕೆ ಹಡಗಿನವರ ಟೂರ್, ಹತ್ತಿರದ ದ್ವೀಪಕ್ಕೆ ಹೊರಗಿನದು.

ಯಾವ ದ್ವೀಪ?

ಫಿ ಫಿ: ಚಿತ್ರದಲ್ಲಿ ಕಾಣುವ ಸುಣ್ಣಕಲ್ಲಿನ ಬಂಡೆ, ಪಚ್ಚೆ ನೀರು ಇಲ್ಲಿಯದೇ. ಆದರೆ ರಸ್ತೆ, ದೋಣಿ ಎರಡೂ ಸೇರಿ ದಿನವೇ ಹೋಗುತ್ತೆ. ಲಿಯೊನಾರ್ಡೊ ಡಿಕಾಪ್ರಿಯೊ ನಟಿಸಿದ 'ದಿ ಬೀಚ್' ಸಿನಿಮಾ (2000) ಚಿತ್ರೀಕರಣವಾದ ಮಾಯಾ ಬೇ ಕೂಡ ಇಲ್ಲಿದೆ. ಜನಜಂಗುಳಿಯಿಂದ ಹವಳ ಹಾಳಾಗಿ 2018ರ ಜೂನ್‌ನಲ್ಲಿ ಅದನ್ನು ಮುಚ್ಚಿದರು. 2022ರ ಜನವರಿಯಲ್ಲಿ ಮತ್ತೆ ತೆರೆದರೂ ಆ ಕೊಲ್ಲಿಯಲ್ಲಿ ಈಜೋಕೆ ಬಿಡಲಿಲ್ಲ. ಆಗಿನಿಂದ ಆಗಸ್ಟ್, ಸೆಪ್ಟೆಂಬರ್‌ನಲ್ಲಿ ಅದಕ್ಕೆ ವಿಶ್ರಾಂತಿಯನ್ನೂ ಕೊಡುತ್ತಿದ್ದಾರೆ. "ಮಾಯಾ ಬೇಯಲ್ಲಿ ಸ್ನಾರ್ಕೆಲಿಂಗ್" ಅಂತ ಯಾರಾದರೂ ಆಸೆ ತೋರಿಸಿದರೆ ಅನುಮಾನ ಪಡಿ.

ಕೋರಲ್ ಐಲೆಂಡ್ (ಕೊ ಹೆ): ದಕ್ಷಿಣದ ಚಲೋಂಗ್ ದಕ್ಕೆಯಿಂದ ಸ್ಪೀಡ್‌ಬೋಟಿನಲ್ಲಿ ಹದಿನೈದು ಇಪ್ಪತ್ತು ನಿಮಿಷ. ಚಿಕ್ಕ ಮಕ್ಕಳು, ಅತ್ತೆ ಮಾವ ಜೊತೆಗಿದ್ದರೆ ಇದೇ ಸಲೀಸು. ಜನ ಜಾಸ್ತಿ ಅನ್ನೋದೊಂದೇ ಕೊರತೆ.

ರಾಚಾ ಯಾಯ್: ಚಲೋಂಗ್‌ನಿಂದ ಅರ್ಧ ಗಂಟೆಗೆ ಸ್ವಲ್ಪ ಹೆಚ್ಚು. ತಿಳಿನೀರಿಗೆ ಹೆಸರಾದ ಜಾಗ. ಅರ್ಧ ದಿನದಲ್ಲಿ ನೆಮ್ಮದಿಯಾಗಿ ಮೀನು ನೋಡೋರಿಗೆ ಒಳ್ಳೆಯ ಆಯ್ಕೆ. ನಾನು ಇನ್ನೊಮ್ಮೆ ಹೋದರೆ ಇಲ್ಲಿಗೇ!

ತಿಂಗಳು ನೋಡಿ, ಆಕಾಶ ನೋಡಿ

ನಮ್ಮ ಕರಾವಳಿಗೆ ಮಳೆ ತರುವ ನೈಋತ್ಯ ಮಾರುತವೇ ಅಲ್ಲಿಗೂ ಬೀಸುತ್ತೆ. ಸುಮಾರು ಮೇ ತಿಂಗಳಿಂದ ಅಕ್ಟೋಬರ್‌ವರೆಗೆ ಸಮುದ್ರ ಒರಟು, ನೀರೂ ಕದಡಿರುತ್ತೆ. ನವೆಂಬರ್‌ನಿಂದ ಏಪ್ರಿಲ್ ಶಾಂತ. ನಮ್ಮ ಮುರುಡೇಶ್ವರದ ಬಳಿಯ ನೇತ್ರಾಣಿ ದ್ವೀಪಕ್ಕೂ ಮಳೆಗಾಲದಲ್ಲಿ ಡೈವಿಂಗ್ ದೋಣಿ ಹೋಗೋದಿಲ್ಲ, ಅಲ್ವಾ? ಕಾರಣ ಅದೇ.

ಇದು ಬರೀ ಮಾತಲ್ಲ. 2018ರ ಜುಲೈ 5ರಂದು ಫುಕೆಟ್ ಬಳಿ ಪ್ರವಾಸಿ ದೋಣಿಯೊಂದು ಬಿರುಗಾಳಿಗೆ ಸಿಕ್ಕಿ ಮುಳುಗಿ 47 ಜನ ಸತ್ತರು. ಹವಾಮಾನದ ಎಚ್ಚರಿಕೆ ಇದ್ದರೂ ಅದು ಹೊರಟಿತ್ತು. ಹಾಗಾಗಿ ಆಕಾಶ ಕಪ್ಪಾಗಿದ್ದರೆ, ಬೀಚಿನಲ್ಲಿ ಕೆಂಪು ಬಾವುಟ ಇದ್ದರೆ ಕೊಟ್ಟ ದುಡ್ಡಿನ ಮುಖ ನೋಡಬೇಡಿ. ದುಡ್ಡು ಮತ್ತೆ ಕೂಡಿಡಬಹುದು.

ದೋಣಿ ಯಾವುದು?

ಸ್ಪೀಡ್‌ಬೋಟ್ ಬೇಗ ತಲುಪಿಸುತ್ತೆ, ಆದರೆ ಅಲೆಯ ಮೇಲೆ ಕುಕ್ಕುತ್ತೆ. ಗರ್ಭಿಣಿಯರಿಗೆ ಅದು ಬೇಡವೇ ಬೇಡ. ಬೆನ್ನುನೋವು, ಸೊಂಟದ ಡಿಸ್ಕ್ ತೊಂದರೆ ಇದ್ದವರಿಗೂ ಅಷ್ಟೆ. ಹತ್ತಲೇಬೇಕಾದರೆ ಮುಂದೆ ಕೂರಬೇಡಿ, ಹಿಂದಿನ ಸೀಟಲ್ಲಿ ಏಟು ಕಡಿಮೆ. ಕ್ಯಾಟಮರಾನ್ ಅಂದರೆ ಎರಡು ಒಡಲಿನ ದೋಣಿ. ಅದು ನಿಧಾನ, ಆದರೆ ಕುಲುಕಾಟ ಕಡಿಮೆ. ನೆರಳು, ಟಾಯ್ಲೆಟ್ ಎರಡೂ ಸಾಮಾನ್ಯವಾಗಿ ಇರುತ್ತೆ. ಉದ್ದ ಬಾಲದ ಮರದ ದೋಣಿ ನೋಡೋಕೆ ಚೆಂದ, ಹತ್ತಿರದ ಜಾಗಕ್ಕಷ್ಟೇ ಸರಿ.

ದುಡ್ಡು ಕೊಡೋ ಮುಂಚೆ ಈ ಎಂಟು ಪ್ರಶ್ನೆ

1. ದೋಣಿಯಲ್ಲಿ ಒಟ್ಟು ಎಷ್ಟು ಜನ? ನೀರಿಗೆ ಇಳಿಯುವ ಗೈಡ್ ಎಷ್ಟು ಜನ? (ದೋಣಿ ಮೇಲೆ ನಿಂತು ಕೈ ತೋರಿಸೋ ಗೈಡ್ ಲೆಕ್ಕಕ್ಕಿಲ್ಲ.)
2. ಮಕ್ಕಳ ಅಳತೆಯ ಲೈಫ್ ಜಾಕೆಟ್ ಇದೆಯಾ? ನೀರಿನಲ್ಲೂ ಹಾಕಿಕೊಂಡಿರಬಹುದಾ?
3. ನಿಜವಾಗಿ ನೀರಿನಲ್ಲಿ ಎಷ್ಟು ಹೊತ್ತು? ಎಷ್ಟು ಕಡೆ ನಿಲ್ಲಿಸ್ತೀರಾ?
4. ಈಜು ಬಾರದವರಿಗೆ ಹಿಡಿದುಕೊಳ್ಳೋಕೆ ತೇಲುವ ರಿಂಗ್ ಇದೆಯಾ?
5. ನೀರಿನಿಂದ ಹತ್ತೋಕೆ ಸರಿಯಾದ ಏಣಿ ಇದೆಯಾ? (ಇಳಿಯೋದು ಸುಲಭ, ಹತ್ತೋದೇ ನಮಗೆಲ್ಲ ಕಷ್ಟ!)
6. ರಾಷ್ಟ್ರೀಯ ಉದ್ಯಾನದ ಶುಲ್ಕ, ಮಾಸ್ಕ್, ಊಟ ಎಲ್ಲ ಸೇರಿದೆಯಾ?
7. ವಿಮೆ ಇದೆಯಾ? ಪ್ರಥಮ ಚಿಕಿತ್ಸೆ ಪೆಟ್ಟಿಗೆ, ರೇಡಿಯೊ ಇದೆಯಾ?
8. ಪಟಾಂಗಿಗೆ ಎಷ್ಟು ಗಂಟೆಗೆ ವಾಪಸ್ ಬಿಡ್ತೀರಾ? ಬರೆದು ಕೊಡ್ತೀರಾ?

ಇದರಲ್ಲಿ ಎರಡಕ್ಕೆ "ನೋ ಪ್ರಾಬ್ಲಮ್" ಅನ್ನೋ ಉತ್ತರ ಬಂತು ಅಂದ್ರೆ ಅಲ್ಲೇ ನಮಸ್ಕಾರ ಹೇಳಿ ಮುಂದೆ ನಡೀರಿ.

ಬಚ್ಚಲುಮನೆಯಲ್ಲೇ ತಾಲೀಮು

ಮೊದಲ ಸಲ ನಳಿಕೆಯಲ್ಲಿ ಉಸಿರಾಡುವಾಗ ಗಾಬರಿ ಆಗೋದು ಸಹಜ. ಅದಕ್ಕೆ ಮೊದಲೇ ಒಂದು ಮಾಸ್ಕ್, ನಳಿಕೆ ಕೊಂಡುಕೊಳ್ಳಿ. ದೊಡ್ಡ ಟಬ್ಬಿನಲ್ಲಿ ನೀರು ತುಂಬಿ, ಮುಖ ಅದ್ದಿ, ಬಾಯಿಂದ ನಿಧಾನವಾಗಿ ಉಸಿರಾಡಿ ನೋಡಿ. ಮಕ್ಕಳು ಮಾಡುವಾಗ ನೀವು ಪಕ್ಕದಲ್ಲೇ ಇರಿ. ಹತ್ತಿರದಲ್ಲಿ ಈಜುಕೊಳ ಇದ್ದರೆ ಇನ್ನೂ ಒಳ್ಳೆಯದು.

ಮಾಸ್ಕ್ ಸರಿಹೊಂದುತ್ತಾ ಅಂತ ತಿಳಿಯೋದು ಸುಲಭ. ಪಟ್ಟಿ ಹಾಕದೆ ಮುಖಕ್ಕೆ ಒತ್ತಿ ಮೂಗಿನಿಂದ ಉಸಿರು ಎಳೆಯಿರಿ. ಕೈ ಬಿಟ್ಟರೂ ಬೀಳದಿದ್ದರೆ ಅದು ನಿಮ್ಮ ಅಳತೆ. ನಡುವೆ ಒಂದೆಳೆ ಕೂದಲು ಸಿಕ್ಕಿದರೂ ನೀರು ನುಗ್ಗುತ್ತೆ. ಗಾಜು ಮಸುಕಾಗದ ಹಾಗೆ ಬೇಬಿ ಶಾಂಪೂ ಒಂದು ಹನಿ ಸವರಿ ತೊಳೆಯಿರಿ. ಕನ್ನಡಕದವರಿಗೆ ಪವರ್ ಇರುವ ಮಾಸ್ಕ್‌ಗಳೂ ಸಿಗುತ್ತವೆ.

ಬಿ.ಪಿ., ಹೃದಯ, ಆಸ್ತಮಾ ತೊಂದರೆ ಇದ್ದವರು ಊರಿನಲ್ಲೇ ಡಾಕ್ಟರನ್ನು ಕೇಳಿ. ದೋಣಿಯಲ್ಲಿ ವಾಂತಿ ಬರೋರು ಮಾತ್ರೆಯನ್ನು ಹೊರಡೋ ಮುಂಚೆಯೇ ತಗೋಬೇಕು, ಹೊಟ್ಟೆ ತೊಳೆಸಿದ ಮೇಲಲ್ಲ. ಆದರೆ ಈ ಮಾತ್ರೆಗಳಲ್ಲಿ ಹಲವು ನಿದ್ದೆ ತರಿಸುತ್ತವೆ. ಯಾವುದು, ಎಷ್ಟು ಅಂತ ಅದನ್ನೂ ಡಾಕ್ಟರ ಹತ್ತಿರವೇ ಕೇಳಿಕೊಳ್ಳಿ.

ಇನ್ನೊಂದು ಮಾತು. ನೀರಿನಲ್ಲಿ ಮುಳುಗೋರು ಸಿನಿಮಾದ ಹಾಗೆ ಕೂಗೋದಿಲ್ಲ, ಸದ್ದಿಲ್ಲದೆ ಮುಳುಗುತ್ತಾರೆ. ಒಂದು ಮಗುವಿಗೆ ಒಬ್ಬರು ದೊಡ್ಡವರು ಅಂತ ಮೊದಲೇ ಹಂಚಿಕೊಳ್ಳಿ. ಆ ಹೊತ್ತಿನಲ್ಲಿ ಫೋಟೊ ಬೇಡ.

ಉಡುಪು, ಒಡವೆ, ಊಟ

ಮೈ ತೋರಿಸೋ ಈಜುಡುಗೆ ಬೇಕು ಅಂತ ಯಾರೂ ಸಂಕೋಚಪಡಬೇಕಿಲ್ಲ. ಉದ್ದ ತೋಳಿನ ಈಜು ಟಾಪು, ಲೆಗ್ಗಿಂಗ್ಸ್ ಸಾಕು. ಬಿಸಿಲಿನಿಂದ ಬೆನ್ನೂ ಉಳಿಯುತ್ತೆ. ಚೂಡಿದಾರದ ದುಪಟ್ಟಾ, ಸಡಿಲ ಕುರ್ತಾ ಬೇಡ, ಕೈಕಾಲಿಗೆ ಸುತ್ತಿಕೊಳ್ಳುತ್ತೆ. ತಾಳಿ, ಬಳೆ, ಓಲೆ ಎಲ್ಲ ರೂಮಿನ ಲಾಕರಿನಲ್ಲಿರಲಿ. ಮುಟ್ಟಿನ ದಿನ ಬಂದರೆ ನೀರಿನಲ್ಲಿ ಪ್ಯಾಡ್ ಕೆಲಸಕ್ಕೆ ಬರೋದಿಲ್ಲ. ಕಪ್ ಬಳಸಿ ಅಭ್ಯಾಸ ಇದ್ದರೆ ಸರಿ, ಇಲ್ಲವಾದರೆ ದೋಣಿಯಲ್ಲಿ ಕೂತೇ ಆನಂದಿಸಿ.

ಸನ್‌ಸ್ಕ್ರೀನ್ ಡಬ್ಬಿಯ ಹಿಂಭಾಗ ಓದಿ. ಹವಳಕ್ಕೆ ಹಾನಿ ಅಂತ 2021ರಲ್ಲಿ ಥಾಯ್ಲೆಂಡ್ ತನ್ನ ಸಮುದ್ರ ಉದ್ಯಾನಗಳಲ್ಲಿ ಆಕ್ಸಿಬೆನ್‌ಜೋನ್, ಆಕ್ಟಿನಾಕ್ಸೇಟ್ ಸೇರಿದಂತೆ ನಾಲ್ಕು ರಾಸಾಯನಿಕ ಇರುವ ಕ್ರೀಮುಗಳನ್ನು ನಿಷೇಧಿಸಿತು. ದಂಡ ಒಂದು ಲಕ್ಷ ಬಾತ್‌ವರೆಗೆ! ಝಿಂಕ್ ಆಕ್ಸೈಡ್ ಇರುವ ಕ್ರೀಮು ತಗೊಳ್ಳಿ.

ಸಸ್ಯಾಹಾರಿಗಳೇ, ಅಲ್ಲಿ ತರಕಾರಿ ಪಲ್ಯಕ್ಕೂ ಮೀನಿನ ಸಾಸ್ ಬೀಳುತ್ತೆ. "ಜೇ" ಅನ್ನೋ ಒಂದೇ ಶಬ್ದ ನೆನಪಿಟ್ಟುಕೊಳ್ಳಿ. ಜೇ ಊಟದಲ್ಲಿ ಮಾಂಸ, ಮೀನು ಅಷ್ಟೇ ಅಲ್ಲ, ಈರುಳ್ಳಿ ಬೆಳ್ಳುಳ್ಳಿಯೂ ಇರೋದಿಲ್ಲ. ನಮ್ಮತ್ತೆಯವರಿಗೆ ಇದನ್ನು ಹೇಳಿದಾಗ "ಹಾಗಾದ್ರೆ ನಾನೂ ಬರ್ತೀನಿ" ಅಂದರು! ಹಡಗಿನ ಊಟವನ್ನು ದಡಕ್ಕೆ ತರೋಕೆ ಸಾಮಾನ್ಯವಾಗಿ ಬಿಡೋದಿಲ್ಲ. ಸೀಲ್ ಮಾಡಿದ ಬಿಸ್ಕತ್ ಪ್ಯಾಕೆಟ್ ಜೊತೆಗಿರಲಿ.

ನೀರಿನಲ್ಲಿ ಹವಳದ ಮೇಲೆ ನಿಲ್ಲಬೇಡಿ, ಮುಟ್ಟಬೇಡಿ. ಅದು ಕಲ್ಲಲ್ಲ, ಜೀವ. ನಡುನಡುವೆ ಕಪ್ಪು ಮುಳ್ಳಿನ ಕಡಲ ಚೆಂಡುಗಳೂ ಇರುತ್ತವೆ, ತುಳಿದರೆ ವಾರಗಟ್ಟಲೆ ನೋವು. ಮೀನಿಗೆ ಬ್ರೆಡ್ಡೂ ಹಾಕಬೇಡಿ.

ಕೊನೆಗೂ ನಾನು ನೋಡಿದ್ದು...

ಅವತ್ತು ಮಗಳು ದೋಣಿಗೆ ಹತ್ತಿ ತನ್ನ ಜಾಕೆಟ್ ಬಿಚ್ಚಿ ನನಗೆ ತೊಡಿಸಿದಳು. "ಅಮ್ಮಾ, ಐದೇ ನಿಮಿಷ. ಏಣಿ ಹಿಡ್ಕೊಂಡೇ ನೋಡು" ಅಂದಳು. ಒಂದು ಕೈಯಲ್ಲಿ ಏಣಿ, ಇನ್ನೊಂದರಲ್ಲಿ ಯಜಮಾನರ ಕೈ. ಮುಖ ಅದ್ದಿದೆ. ಕಪ್ಪು ಪಟ್ಟೆಯ ಹಳದಿ ಮೀನುಗಳ ಗುಂಪು ನನ್ನ ಕಾಲ ಕೆಳಗೇ! ಅತ್ತ ಗಿಳಿಮೀನೊಂದು ಹವಳವನ್ನು ಕಟುಕಟು ಅಂತ ಕಡಿಯೋ ಸದ್ದು. ಚಕ್ಕುಲಿ ತಿನ್ನುವ ಸದ್ದಿನ ಹಾಗೆ!

ಆ ಐದು ನಿಮಿಷಕ್ಕೆ ಕೊಟ್ಟ ದುಡ್ಡು ದಂಡ ಅಂತ ನನಗೆ ಅನಿಸಿಲ್ಲ. ಆದರೆ ಅದೇ ದುಡ್ಡಿಗೆ ಸರಿಯಾದ ದೋಣಿ ಆರಿಸಿದ್ದರೆ ಐದರ ಬದಲು ಐವತ್ತು ನಿಮಿಷ ಸಿಗ್ತಿತ್ತು. ಹೊಸ ಚಪ್ಪಲಿ ಕೊಳ್ಳೋದೂ ತಪ್ಪುತ್ತಿತ್ತು. ನೀವು ಹೊರಟಿದ್ದರೆ ಈ ಪುಟ ಕತ್ತರಿಸಿ ಪಾಸ್‌ಪೋರ್ಟಿನ ಜೊತೆ ಇಟ್ಟುಕೊಳ್ಳಿ. ವಾಚು ಮಾತ್ರ ಮರೀಬೇಡಿ!