ದುಡಿದು ಗಳಿಸುವಂಥದ್ದಲ್ಲ ರಕ್ಷಣೆ: ಹೈದರಾಬಾದಿನ ಬಖ್ತ್ ಸಿಂಗ್ ನಂಬಿದ ಕ್ರೈಸ್ತ ತತ್ವ ಏನು ಹೇಳುತ್ತದೆ?

ಹೈದರಾಬಾದ್: 1933ರ ಏಪ್ರಿಲ್ ತಿಂಗಳು. ಎಂಜಿನಿಯರಿಂಗ್ ಓದಲೆಂದು ಏಳು ವರ್ಷಗಳ ಹಿಂದೆ ಇಂಗ್ಲೆಂಡಿಗೆ ಹೋಗಿದ್ದ ಮಗ ಮುಂಬೈ ಬಂದರಿಗೆ ಬಂದಿಳಿದಿದ್ದ. ಕರೆದೊಯ್ಯಲು ಪಂಜಾಬಿನಿಂದ ತಂದೆ ತಾಯಿ ಬಂದಿದ್ದರು. ಮಗ ಕ್ರೈಸ್ತನಾಗಿದ್ದಾನೆ ಎಂಬುದು ಅವರಿಗೆ ಗೊತ್ತಿತ್ತು. ಅವರು ಕೇಳಿದ್ದು ಒಂದೇ ಮಾತು: ಮನಸ್ಸಿನಲ್ಲಿ ಏನು ಬೇಕಾದರೂ ನಂಬಿಕೋ, ಮನೆತನದ ಮರ್ಯಾದೆಗಾಗಿ ಹೊರಗೆ ಮಾತ್ರ ಹೇಳಬೇಡ. ಮಗ ಒಪ್ಪಲಿಲ್ಲ. ಹೆತ್ತವರು ಊರಿಗೆ ಮರಳಿದರು, ಮಗ ಮುಂಬೈಯಲ್ಲೇ ಉಳಿದ.

ಆ ಮಗನೇ ಬಖ್ತ್ ಸಿಂಗ್. ಮುಂದೆ ಹೈದರಾಬಾದಿನ ಗೋಲ್ಕೊಂಡ ಕ್ರಾಸ್‌ರೋಡ್ಸ್‌ನಲ್ಲಿರುವ 'ಹೆಬ್ರೋನ್' ಎಂಬ ಪ್ರಾರ್ಥನಾ ಕೇಂದ್ರದಲ್ಲಿ ನೆಲೆನಿಂತು, ದೇಶದ ಹಲವೆಡೆ ಕ್ರೈಸ್ತ ಸಭೆಗಳನ್ನು ಕಟ್ಟಿದವರು. (ಈ ಜಾಗಕ್ಕೂ ಗೋಲ್ಕೊಂಡ ಕೋಟೆಗೂ ಸಂಬಂಧ ಹುಡುಕಬೇಡಿ. ಕೋಟೆ ಇರುವುದು ನಗರದ ಇನ್ನೊಂದು ದಿಕ್ಕಿನಲ್ಲಿ.)

ದೇವರ ಪ್ರೀತಿಯಿಂದ, ನಂಬಿಕೆಯೊಂದರ ಮೂಲಕವೇ ಮನುಷ್ಯನಿಗೆ ರಕ್ಷಣೆ ಸಿಗುತ್ತದೆ ಎಂಬುದು ಕ್ರೈಸ್ತ ಧರ್ಮದ ಕೇಂದ್ರದ ಮಾತು. ಹಾಗಿದ್ದರೆ ನಂಬಿಕೆಯನ್ನು ಎದೆಯೊಳಗೇ ಇಟ್ಟುಕೊಂಡು, ಅಪ್ಪ ಅಮ್ಮನ ಮಾತನ್ನೂ ಉಳಿಸಬಹುದಿತ್ತಲ್ಲವೇ? ಬಖ್ತ್ ಸಿಂಗ್ ಏಕೆ ಒಪ್ಪಲಿಲ್ಲ? ಇದಕ್ಕೆ ಉತ್ತರ ಬೇಕಿದ್ದರೆ ಆ ತತ್ವದಲ್ಲಿ 'ನಂಬಿಕೆ' ಎಂಬ ಪದಕ್ಕೆ ಇರುವ ತೂಕವನ್ನು ತಿಳಿಯಬೇಕು.

ರಾತ್ರಿ ಬಂದ ವಿದ್ವಾಂಸ

ಬಖ್ತ್ ಸಿಂಗ್ ಹುಟ್ಟಿದ್ದು 1903ರಲ್ಲಿ, ಈಗ ಪಾಕಿಸ್ತಾನದಲ್ಲಿರುವ ಪಂಜಾಬಿನ ಜೋಯಿಯಾ ಎಂಬ ಹಳ್ಳಿಯ ಸಿಖ್ ಕುಟುಂಬದಲ್ಲಿ. ಮಿಷನ್ ಶಾಲೆಯಲ್ಲಿ ಓದುವಾಗ ಕೈಗೆ ಬಂದ ಬೈಬಲಿನ ಹಾಳೆಗಳನ್ನು ಹರಿದೆಸೆದು, ಚೆನ್ನಾಗಿದ್ದ ಚರ್ಮದ ಹೊದಿಕೆಯನ್ನಷ್ಟೇ ಇಟ್ಟುಕೊಂಡಿದ್ದೆ ಎಂದು ಅವರೇ ಹೇಳಿಕೊಂಡಿದ್ದಾರೆ. ಇಂಗ್ಲೆಂಡಿನಿಂದ ಕೆನಡಾಕ್ಕೆ ಹೋದ ಅವರು 1929ರ ಡಿಸೆಂಬರಿನಲ್ಲಿ ವಿನಿಪೆಗ್ ನಗರದಲ್ಲಿ ಹೊಸ ಒಡಂಬಡಿಕೆ ಓದತೊಡಗಿದರು. ಯೋಹಾನನ ಸುವಾರ್ತೆಯ 3ನೇ ಅಧ್ಯಾಯಕ್ಕೆ ಬಂದಾಗ ಮುಂದೆ ಹೋಗಲಾಗದೆ ನಿಂತುಬಿಟ್ಟರು. 1932ರ ಫೆಬ್ರವರಿ 4ರಂದು ವ್ಯಾಂಕೂವರ್‌ನಲ್ಲಿ ದೀಕ್ಷಾಸ್ನಾನ ಪಡೆದರು.

ಆ ಅಧ್ಯಾಯದಲ್ಲಿ ನಿಕೊದೇಮ ಎಂಬ ಯೆಹೂದಿ ಪಂಡಿತ ಕತ್ತಲಾದ ಮೇಲೆ ಯೇಸುವನ್ನು ಕಾಣಲು ಬರುತ್ತಾನೆ. ಧರ್ಮಶಾಸ್ತ್ರ ಬಲ್ಲವ, ನೇಮನಿಷ್ಠೆಯವ, ಸಮಾಜದಲ್ಲಿ ಹೆಸರಿದ್ದವ. ಅವನಿಗೆ ಯೇಸು ಇನ್ನೂ ನಾಲ್ಕು ವ್ರತ ಮಾಡು ಎನ್ನುವುದಿಲ್ಲ, ಹೊಸದಾಗಿ ಹುಟ್ಟಬೇಕು ಎನ್ನುತ್ತಾನೆ. ಮುದುಕ ಮತ್ತೆ ಹುಟ್ಟುವುದು ಹೇಗೆ ಎಂದು ಪಂಡಿತ ಗೊಂದಲಕ್ಕೆ ಬೀಳುತ್ತಾನೆ. ಕ್ರೈಸ್ತರು ಅತಿ ಹೆಚ್ಚು ನೆನೆಯುವ 16ನೇ ವಚನ ಬರುವುದು ಇದೇ ಸಂದರ್ಭದಲ್ಲಿ. ದೇವರು ಲೋಕವನ್ನು ಪ್ರೀತಿಸಿದ ಕಾರಣಕ್ಕೇ ತನ್ನ ಮಗನನ್ನು ಕೊಟ್ಟನು, ಆತನನ್ನು ನಂಬಿದವರು ನಾಶವಾಗದೆ ನಿತ್ಯಜೀವ ಹೊಂದುತ್ತಾರೆ ಎಂಬುದು ಅದರ ತಾತ್ಪರ್ಯ.

ಇಲ್ಲಿ ಕ್ರಮವನ್ನು ಗಮನಿಸಬೇಕು. ಮನುಷ್ಯ ಒಳ್ಳೆಯವನಾದ ಮೇಲೆ ದೇವರು ಪ್ರೀತಿಸಿದ್ದಲ್ಲ, ಪ್ರೀತಿಯೇ ಮೊದಲು. ಪಾಪದಿಂದ ದೇವರಿಗೂ ಮನುಷ್ಯನಿಗೂ ನಡುವಿನ ಸಂಬಂಧ ಕಡಿದಿದೆ, ಅದನ್ನು ಮನುಷ್ಯ ತನ್ನ ಪುಣ್ಯದ ಬಲದಿಂದ ಸರಿಪಡಿಸಲಾರ, ಶಿಲುಬೆಯ ಮೇಲೆ ಯೇಸು ಆ ಸಾಲ ತೀರಿಸಿದನು ಎಂದು ಕ್ರೈಸ್ತರು ನಂಬುತ್ತಾರೆ. ನಮಗೆ ಪರಿಚಿತವಾದ ಮೋಕ್ಷದ ಕಲ್ಪನೆಗೂ ಇದಕ್ಕೂ ವ್ಯತ್ಯಾಸವಿದೆ. ಮೋಕ್ಷವೆಂದರೆ ಹುಟ್ಟುಸಾವುಗಳ ಚಕ್ರದಿಂದ ಬಿಡುಗಡೆ. ಕ್ರೈಸ್ತರ ರಕ್ಷಣೆಯಲ್ಲಿ ಅಂಥ ಚಕ್ರವೇ ಇಲ್ಲ. ಇರುವುದು ಒಂದೇ ಜನ್ಮ, ಮುರಿದ ಸಂಬಂಧ ಮತ್ತೆ ಕೂಡಿಕೊಳ್ಳುವುದೇ ರಕ್ಷಣೆ.

ಒಪ್ಪಿಕೊಳ್ಳುವುದು ಬೇರೆ, ನೆಚ್ಚುವುದು ಬೇರೆ

ಹಾಗಾದರೆ ದೇವರಿದ್ದಾನೆ ಎಂದು ತಲೆಯಾಡಿಸಿದರೆ ಸಾಕೇ? ಸಾಲದು. ಅಷ್ಟನ್ನು ದೆವ್ವಗಳೂ ನಂಬುತ್ತವೆ ಎಂದು ಯಾಕೋಬನ ಪತ್ರಿಕೆ ಚುಚ್ಚಿಯೇ ಹೇಳುತ್ತದೆ. ಹಗ್ಗ ಗಟ್ಟಿಯಿದೆ ಎಂದು ಬಾವಿಯ ಕಟ್ಟೆಯ ಮೇಲೆ ನಿಂತು ಹೇಳುವುದು ಒಂದು, ಅದೇ ಹಗ್ಗ ಹಿಡಿದು ಬಾವಿಗಿಳಿಯುವುದು ಇನ್ನೊಂದು. ಈ ತತ್ವ ಹೇಳುವ ನಂಬಿಕೆ ಎರಡನೆಯದು, ನೆಚ್ಚಿ ತನ್ನನ್ನು ಒಪ್ಪಿಸಿಕೊಡುವುದು. ಮುಂಬೈ ಬಂದರಿನಲ್ಲಿ ಬಖ್ತ್ ಸಿಂಗ್ ಮುಂದಿದ್ದ ಸಮಸ್ಯೆಯೂ ಇದೇ. ಗುಟ್ಟಾಗಿ ಇಟ್ಟುಕೊಂಡರೆ ಅದು ಕೇವಲ ಅಭಿಪ್ರಾಯವಾಗಿ ಉಳಿಯುತ್ತಿತ್ತು.

ನಂಬಿಕೆ ಮುಖ್ಯವೋ ಕೃತ್ಯ ಮುಖ್ಯವೋ ಎಂಬ ಜಗಳ ಕ್ರೈಸ್ತರೊಳಗೇ ಶತಮಾನಗಳ ಕಾಲ ನಡೆದಿದೆ. ರಕ್ಷಣೆ ಕೃಪೆಯ ವರ, ದುಡಿಮೆಯ ಕೂಲಿಯಲ್ಲ ಎಂದು ಪೌಲ ಬರೆದ. ಕೃತ್ಯವಿಲ್ಲದ ನಂಬಿಕೆ ಸತ್ತದ್ದು ಎಂದು ಯಾಕೋಬ ಬರೆದ. 16ನೇ ಶತಮಾನದಲ್ಲಿ ಮಾರ್ಟಿನ್ ಲೂಥರ್ ಪೌಲನ ಮಾತನ್ನು ಎತ್ತಿಹಿಡಿದಾಗ ಯುರೋಪಿನ ಚರ್ಚೇ ಒಡೆಯಿತು. ಕೊನೆಗೆ 1999ರ ಅಕ್ಟೋಬರ್ 31ರಂದು ಜರ್ಮನಿಯ ಆಗ್ಸ್‌ಬರ್ಗ್‌ನಲ್ಲಿ ಕ್ಯಾಥೊಲಿಕರು ಮತ್ತು ಲೂಥರನ್ನರು ಜಂಟಿ ಘೋಷಣೆಗೆ ಸಹಿ ಹಾಕಿದರು. ದೇವರು ಮನುಷ್ಯನನ್ನು ಸ್ವೀಕರಿಸುವುದು ಕೃಪೆಯಿಂದ, ಅವನ ಯೋಗ್ಯತೆ ನೋಡಿ ಅಲ್ಲ. ಒಳ್ಳೆಯ ಕೆಲಸಗಳು ಅದರ ಫಲ ಎಂಬಲ್ಲಿಗೆ ಇಬ್ಬರೂ ಬಂದರು. 2006ರಲ್ಲಿ ಮೆಥಡಿಸ್ಟರೂ ಇದಕ್ಕೆ ಸೇರಿದರು.

ಕನ್ನಡ ಓದುಗರಿಗೆ ಈ ಚರ್ಚೆ ತೀರಾ ಹೊಸದಲ್ಲ. ಶ್ರೀವೈಷ್ಣವರ ಬೆಕ್ಕಿನ ಮರಿ, ಕೋತಿ ಮರಿಯ ವಾದವನ್ನು ಹಲವರು ಕೇಳಿರುತ್ತಾರೆ. ಕೋತಿ ಮರಿ ತಾಯಿಯನ್ನು ತಾನೇ ಬಿಗಿಯಾಗಿ ಅಪ್ಪಿಕೊಂಡಿರಬೇಕು. ಬೆಕ್ಕಿನ ಮರಿಯನ್ನು ತಾಯಿಯೇ ಬಾಯಲ್ಲಿ ಕಚ್ಚಿ ಒಯ್ಯುತ್ತದೆ. ವಡಗಲೈ ಪಂಥ ಮೊದಲನೆಯದನ್ನೂ ತೆಂಗಲೈ ಪಂಥ ಎರಡನೆಯದನ್ನೂ ಎತ್ತಿಹಿಡಿಯುತ್ತವೆ. ಹೋಲಿಕೆ ಇಷ್ಟಕ್ಕೇ ನಿಲ್ಲುತ್ತದೆ. ಕ್ರೈಸ್ತರ ನಂಬಿಕೆ ಯೇಸುವಿನ ಶಿಲುಬೆಯ ಸಾವನ್ನು ಬಿಟ್ಟು ನಿಲ್ಲುವುದಿಲ್ಲ.

ಕೂಲಿಗೆ ಕಟ್ಟಿದ ಚರ್ಚ್

ಹೈದರಾಬಾದಿನಿಂದ ಸುಮಾರು 100 ಕಿ.ಮೀ. ದೂರದ ಮೆದಕ್‌ಗೆ ಹೋದರೆ ಇದೇ ತತ್ವ ಇನ್ನೊಂದು ಬಗೆಯಲ್ಲಿ ಪರೀಕ್ಷೆಗೆ ಒಳಗಾದದ್ದು ಕಾಣುತ್ತದೆ. ಮೆಥಡಿಸ್ಟ್ ಮಿಷನರಿ ಚಾರ್ಲ್ಸ್ ವಾಕರ್ ಪಾಸ್ನೆಟ್ ಅಲ್ಲಿ ಕಟ್ಟಿಸಿದ ಬೃಹತ್ ಚರ್ಚ್ 1924ರ ಡಿಸೆಂಬರ್ 25ರಂದು ಪ್ರತಿಷ್ಠೆಯಾಯಿತು. ಗೋಪುರದ ಎತ್ತರ ಸುಮಾರು 175 ಅಡಿ. ಬರಗಾಲದಲ್ಲಿ ಹಸಿದಿದ್ದ ಸುತ್ತಲಿನ ಜನರಿಗೆ ಕೆಲಸ ಕೊಟ್ಟು, ಅದಕ್ಕೆ ಪ್ರತಿಯಾಗಿ ಅನ್ನ ಕೊಟ್ಟು ಇದನ್ನು ಕಟ್ಟಿಸಲಾಯಿತು ಎಂಬುದು ಅದರ ಪ್ರಸಿದ್ಧ ಕಥೆ.

ಕೂಲಿಯಿಂದ ಸಿಗುವಂಥದ್ದಲ್ಲ ರಕ್ಷಣೆ ಎಂದು ಸಾರುವ ಚರ್ಚನ್ನು ಕೂಲಿಗಾಗಿಯೇ ಕಟ್ಟಿದರು! ಅನ್ನದಾಸೆಗೆ ಧರ್ಮ ಬದಲಿಸಿದರು ಎಂಬ ಆಪಾದನೆ ಇಂಥ ಕಡೆಗಳಲ್ಲಿ ಆಗಲೂ ಇತ್ತು, ಈಗಲೂ ಇದೆ. ಇದನ್ನು ಹಗುರವಾಗಿ ತಳ್ಳಿಹಾಕಲಾಗದು. ಆದರೆ ಆಪಾದನೆಗೆ ಮೊದಲ ವಿರೋಧ ಬರಬೇಕಾದದ್ದು ಈ ತತ್ವದೊಳಗಿಂದಲೇ. ಪ್ರತಿಫಲಕ್ಕಾಗಿ ಕೊಡುವ, ಪ್ರತಿಫಲಕ್ಕಾಗಿ ಪಡೆಯುವ ಯಾವುದನ್ನೂ ಅದು ಕೃಪೆ ಎಂದು ಕರೆಯುವುದಿಲ್ಲ. ದುಡಿದವನಿಗೆ ಅನ್ನ ಕೊಟ್ಟರೆ ಅದು ಕೂಲಿ, ಅಷ್ಟೇ.

ಬಖ್ತ್ ಸಿಂಗ್ ಈ ವಿಷಯದಲ್ಲಿ ಕಟ್ಟುನಿಟ್ಟಿನವರಾಗಿದ್ದರು. ಸಂಬಳ ಪಡೆಯಲಿಲ್ಲ, ತಮ್ಮ ಅಗತ್ಯಗಳನ್ನು ಜನರ ಮುಂದೆ ಹೇಳಿ ಹಣ ಕೇಳಲಿಲ್ಲ. ಹೆಬ್ರೋನ್‌ನಲ್ಲಿ ಚಪ್ಪಲಿ ಕಳಚಿಟ್ಟು, ಚಾಪೆಯ ಮೇಲೆ ಕುಳಿತು ಆರಾಧನೆ. ವರ್ಷಕ್ಕೊಮ್ಮೆ ನಡೆಯುತ್ತಿದ್ದ ಮಹಾಸಭೆಗೆ ಸಾವಿರಾರು ಜನ ಬರುತ್ತಿದ್ದರು. ಬಂದವರಿಗೆಲ್ಲ ಊಟ, ಹಣ ಕೇಳುತ್ತಿರಲಿಲ್ಲ. ಅದಕ್ಕೆ 'ಪ್ರೀತಿಭೋಜನ' ಎಂದು ಹೆಸರು. ಯಾವ ಜಾತಿಯವರಾದರೂ ಒಂದೇ ಪಂಕ್ತಿ. 2000ರ ಸೆಪ್ಟೆಂಬರ್ 17ರಂದು ಹೈದರಾಬಾದಿನಲ್ಲೇ ಅವರು ತೀರಿಕೊಂಡಾಗ ಅಂತ್ಯಕ್ರಿಯೆಗೆ ಜನಸಾಗರವೇ ಸೇರಿತ್ತು.

ಇಷ್ಟಾದರೂ ಒಂದು ತಕರಾರು ಉಳಿಯುತ್ತದೆ. ಬದುಕಿಡೀ ನೀತಿಯಿಂದ ನಡೆದವನಿಗೂ ಕೊನೆಗಳಿಗೆಯಲ್ಲಿ ತಿರುಗಿಕೊಂಡ ಪಾಪಿಗೂ ಒಂದೇ ರಕ್ಷಣೆ ಎಂದರೆ ನ್ಯಾಯವೇ? ಯೇಸು ಹೇಳಿದ ದುಂದುಗಾರ ಮಗನ ಕಥೆಯಲ್ಲಿ ಈ ಪ್ರಶ್ನೆ ಕೇಳುವವನು ಅಣ್ಣ. ಅಪ್ಪ ಬದುಕಿರುವಾಗಲೇ ಪಾಲು ಕೇಳಿ ಪಡೆದು, ಎಲ್ಲವನ್ನೂ ಹಾಳುಮಾಡಿ ಬಂದ ತಮ್ಮನನ್ನು ಅಪ್ಪ ಓಡಿಹೋಗಿ ತಬ್ಬಿಕೊಂಡಿದ್ದಾನೆ, ಮನೆಯಲ್ಲಿ ಔತಣ ನಡೆದಿದೆ. ಹೊಲದಿಂದ ದುಡಿದು ಬಂದ ಅಣ್ಣ ಸಿಟ್ಟಾಗಿ ಅಂಗಳದಲ್ಲೇ ನಿಂತಿದ್ದಾನೆ. ಇಷ್ಟು ವರ್ಷ ಆಳಿನಂತೆ ದುಡಿದ ತನಗೆ ಒಂದು ಆಡಿನ ಮರಿಯನ್ನೂ ಕೊಡಲಿಲ್ಲ ಎಂಬುದು ಅವನ ದೂರು. ಅಪ್ಪ ಹೊರಗೆ ಬಂದು, ನನ್ನದೆಲ್ಲ ನಿನ್ನದೇ, ಒಳಗೆ ಬಾ ಎಂದು ಬೇಡಿಕೊಳ್ಳುತ್ತಾನೆ. ಅವನು ಒಳಗೆ ಹೋದನೇ ಇಲ್ಲವೇ ಎಂಬುದನ್ನು ಯೇಸು ಹೇಳಲಿಲ್ಲ.